ಇಪ್ಪತ್ತೆರಡು ಮೊಳೆಯ ಹಲಗೆ

ಹೇಮಗಿರಿಯ ಚೌಡಯ್ಯನ ಆರ್ಡರನ್ನು ಮೂರನೆಯ ಸಲ ಬರೆಯುತ್ತಿದ್ದಾಗ ಅಂದಾನಯ್ಯನ ಹೆಬ್ಬೆರಳು ಒಳಕ್ಕೆ ಮಡಿಚಿಕೊಂಡು ನಿಂತುಬಿಟ್ಟಿತು. ಪೆನ್ನಿನ ಮುಳ್ಳು ಬೆಂಕಿಪೊಟ್ಟಣದ ಸಾಲಿನಲ್ಲೇ ಊರಿಕೊಂಡಿತು. ಅದರ ಸುತ್ತ ಶಾಯಿಯ ಚುಕ್ಕೆಯೊಂದು ಮೆಲ್ಲಗೆ ಅಗಲವಾಗುತ್ತ ಹೋಯಿತು. ಅಂದಾನಯ್ಯ ಏನೋ ಲೆಕ್ಕ ಹಾಕುವವನಂತೆ ಸೂರು ನೋಡಿದ. ಮೇಜಿನ ಕೆಳಗೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಏನ್ ಅಂದಾನಯ್ಯನೋರೆ, ನನ್ ಬೆಂಕಿಪೊಟ್ಣ ಬರಿಯಕ್ಕೂ ಮೂರ್ತ ನೋಡ್ತಿದ್ದೀರಾ?" ಎಂದ ಎದುರಿಗೆ ಮೂಟೆಯ ಮೇಲೆ ಕೂತಿದ್ದ ಚೌಡಯ್ಯ. "ಬರುದ್ ಬಿಸಾಕಿ ಅತ್ಲಾಗೆ. ಪ್ಯಾಟೆ ಬಸ್ಸು ಒಂಟೋಯ್ತದೆ."

"ಬರಿತೀನಿ ತಡಿ ಮಾರಾಯ. ನಿನ್ ಬಸ್ಸು ಯಾವತ್ ಒತ್ತಿಗ್ ಸರ್ಯಾಗ್ ಒಂಟದೆ?"

ಪಾಂಡವಪುರದ ತಮ್ಮಯ್ಯನವರ ಸಗಟು ಅಂಗಡಿಯಲ್ಲಿ ಅಂದಾನಯ್ಯ ಆರ್ಡರ್ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗಿನ ನಲವತ್ತಮೂರು ಅಂಗಡಿಗಳಿಗೆ ಸೋಪು, ಬೆಂಕಿಪೊಟ್ಟಣ, ಬಾಚಣಿಗೆ, ಊದುಬತ್ತಿ, ಚಹಾಪುಡಿ ಎಲ್ಲ ಇಲ್ಲಿಂದಲೇ ಹೋಗಬೇಕು. ಒಂದೊಂದು ಅಂಗಡಿಯ ಆರ್ಡರನ್ನೂ ಅವನು ಮೂರು ಸಲ ಬರೆಯುತ್ತಿದ್ದ: ಅಂಗಡಿಯವನಿಗೆ ಒಂದು, ಗೋಡೌನಿಗೆ ಒಂದು, ದೊಡ್ಡ ಪುಸ್ತಕಕ್ಕೆ ಒಂದು. ಅದಾದ ಮೇಲೆ ನಲವತ್ತಮೂರು ಪುಟಗಳನ್ನೂ ತಿರುವಿ, ಯಾವ ಸಾಮಾನು ಒಟ್ಟು ಎಷ್ಟೆಂದು ಹೆಕ್ಕಿ, ಬೆಂಗಳೂರಿನ ಕಂಪನಿಯ ಹಾಳೆಗೆ ನಾಲ್ಕನೆಯ ಸಲ ಬರೆಯಬೇಕು. ಹೋದ ವರ್ಷ ದೀಪಾವಳಿಯ ಆರ್ಡರು ಹೀಗೆ ಬರೆದು ಮುಗಿಯುವಷ್ಟರಲ್ಲಿ ಒಂದು ದಿನ ತಡವಾಯಿತು. ಹಬ್ಬದ ಸರಕು ಹಬ್ಬ ಕಳೆದು ಐದು ದಿನಕ್ಕೆ ಬಂತು. ಈ ವರ್ಷ ಗಡುವಿನೊಳಗೆ ಆರ್ಡರು ಸೇರದಿದ್ದರೆ ಏಜೆನ್ಸಿ ಬೇರೆಯವರಿಗೆ ಎಂದು ಕಂಪನಿ ಬರೆದಿತ್ತು.

ತಮ್ಮಯ್ಯನವರು ಮುಚ್ಚುಮರೆಯ ಮನುಷ್ಯರಲ್ಲ. ಕಾಗದ ಬಂದ ದಿನವೇ ಹೇಳಿಬಿಟ್ಟಿದ್ದರು: "ನೋಡು ಅಂದಾನಯ್ಯ, ನಮ್ಮಣ್ಣನ್ ಮಗ ಮಂಡ್ಯದಲ್ಲಿ ಟೈಪಿಂಗ್ ಕಲ್ತವ್ನೆ. ನಿನ್ ಕೈಲಿ ಆಗಕಿಲ್ಲ ಅಂದ್ರೆ ಈಗ್ಲೇ ಏಳ್ಬುಡು. ಅವನ್ನ ಕೂರುಸ್ತೀನಿ."

"ಆಯ್ತದೆ ಯಜಮಾನ್ರೆ," ಎಂದಿದ್ದ ಅಂದಾನಯ್ಯ. ಆದರೆ ಮೂವತ್ತು ನಲವತ್ತು ಸಾಲು ಬರೆಯುವಷ್ಟರಲ್ಲಿ ಅವನ ಬಲಗೈ ಸೆಟೆದು ಕೊಕ್ಕೆಯಾಗುತ್ತಿತ್ತು. ಒಂದು ವರ್ಷದಿಂದ ಹೀಗೆ. ಮೈಸೂರಿನ ಆಸ್ಪತ್ರೆಯಲ್ಲಿ ಬರವಣಿಗೆ ಕಡಿಮೆ ಮಾಡಿ ಎಂದಿದ್ದರು. ಈ ವಿಷಯ ಅವನು ಹೇಳಿದ್ದು ಹೆಂಡತಿ ಗೌರಮ್ಮನಿಗೆ ಮಾತ್ರ. ಬರವಣಿಗೆ ಬಿಟ್ಟರೆ ಅವನಿಗೆ ಬೇರೆ ಕಸುಬಿರಲಿಲ್ಲ. ಅಪ್ಪ ನಾಗಮಂಗಲದಲ್ಲಿ ಕುಲುಮೆ ಊದಿದವನು. ಮಗ ಸುತ್ತಿಗೆ ಹಿಡಿಯದಿರಲಿ ಎಂದು ಓದಿಸಿದ್ದ.

ಅಂದು ಚೌಡಯ್ಯ ಹೋದ ಮೇಲೆ ಅಂದಾನಯ್ಯ ಉಳಿದ ಎರಡು ಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಎರಡರಲ್ಲೂ, ಚೌಡಯ್ಯ ಒಯ್ದದ್ದರಲ್ಲೂ, ಅವವೇ ಅಂಕಿಗಳು, ಅದೇ ಕ್ರಮ. ಕೈಗೆ ಬೇಕಾದದ್ದು ಒಂದೇ ಸಲದ ಕೆಲಸ. ಮಿಕ್ಕದ್ದೆಲ್ಲ ಕಾಗದ ಇದ್ದ ಜಾಗದ ತಪ್ಪು. ಕಾಗದಗಳು ಒಂದರ ಪಕ್ಕ ಒಂದು ಇರುವ ಬದಲು ಒಂದರ ಮೇಲೊಂದು ಇದ್ದರೆ?

ಮುಂದಿನ ಭಾನುವಾರ ಅವನು ಗಂಜಾಂನಲ್ಲಿದ್ದ ಭಾಮೈದ ಮುದ್ದಯ್ಯನ ಮರಗೆಲಸದ ಕೊಟ್ಟಿಗೆಯಲ್ಲಿದ್ದ. ತನಗೆ ಬೇಕಾದದ್ದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಒಂದು ಅಗಲವಾದ ಹಲಗೆ. ಅದರ ಮೇಲೆ ದೊಡ್ಡ ಹಾಳೆ. ಎಡಗಡೆ ಸಾಮಾನಿನ ಹೆಸರು, ಅಡ್ಡಕ್ಕೆ ಒಂದೊಂದು ಅಂಗಡಿಗೆ ಒಂದೊಂದು ಉದ್ದ ಮನೆ. ಆ ಮನೆಯ ಮೇಲೆ ಎರಡು ಕಾಗದದ ಪಟ್ಟಿ, ನಡುನಡುವೆ ಕಾರ್ಬನ್ನು. ಮೇಲಿನ ಪಟ್ಟಿಯಲ್ಲಿ ಬರೆದರೆ ಸಾಕು, ಗೋಡೌನಿನ ಪಟ್ಟಿಗೂ ಇಳಿಯುತ್ತದೆ, ದೊಡ್ಡ ಹಾಳೆಗೂ ಇಳಿಯುತ್ತದೆ. ಮುಂದಿನ ಅಂಗಡಿಗೆ ಪಟ್ಟಿಯನ್ನು ಒಂದು ಮನೆ ಬಲಕ್ಕೆ ಸರಿಸಬೇಕು. ಕೊನೆಗೆ ಒಂದೊಂದು ಸಾಲನ್ನೂ ಅಡ್ಡಕ್ಕೆ ಕೂಡಿದರೆ ಅದೇ ಕಂಪನಿಯ ಆರ್ಡರು.

"ಪಟ್ಟಿ ಕೂದ್ಲೆಳೆ ಅಲ್ಲಾಡಿದ್ರೂ ಕೆಟ್ಟೋಯ್ತದೆ ಮುದ್ದಯ್ಯ. ಒಂದೊಂದ್ ಮನೆಗೂ ಮ್ಯಾಲೊಂದು ಕೆಳಗೊಂದು ಗೂಟ ಬೇಕು. ಪಟ್ಟಿಗೆ ತೂತು."

"ಮರದ ಗೂಟ ಮಳೆಗಾಲಕ್ಕೆ ಊದ್ಕತದೆ ಬಾವ," ಎಂದ ಮುದ್ದಯ್ಯ ಗಡ್ಡ ಕೆರೆದುಕೊಳ್ಳುತ್ತ. "ಇತ್ತಾಳೆ ಮೊಳೆ ಒಡದು ತಲೆ ಕತ್ತರುಸ್ತೀನಿ. ಅಲಗೆ ಅಳೇ ತೇಗದ್ದು, ಸೊಟ್ಟಾಗಕಿಲ್ಲ." ಆಮೇಲೆ ನಕ್ಕ. "ಅಲ್ಲ ಬಾವ, ಬರಿಯೋನ್ಗೆ ನಾನು ಅಲಗೆ ಮಾಡ್ಕೊಡೋದು ಅಂದ್ರೆ! ನಿಮ್ಮಪ್ಪ ಇದ್ದಿದ್ರೆ ಮೊಳೆ ಅವ್ರೇ ಬಡೀತಿದ್ರು."

ಮೇಲೆ ಇಪ್ಪತ್ತೆರಡು, ಕೆಳಗೆ ಇಪ್ಪತ್ತೆರಡು ಮೊಳೆಯ ಹಲಗೆ ಅಂಗಡಿಗೆ ಬಂದ ದಿನ ಲೆಕ್ಕದ ನಂಜಪ್ಪನವರು ಕನ್ನಡಕದ ಮೇಲಿಂದ ನೋಡಿದರು. ಅರವತ್ತು ದಾಟಿದ ಅವರು ತಮ್ಮಯ್ಯನವರ ತಂದೆಯ ಕಾಲದಿಂದಲೂ ಖಾತೆ ಬರೆಯುತ್ತಿದ್ದವರು.

"ಏನಯ್ಯಾ ಇದು, ಚೌಕಾಬಾರ ಆಡೋ ಮಣೆಯಾ?"

"ಆರ್ಡರ್ ಬರಿಯಕ್ಕೆ ನಂಜಪ್ಪನೋರೆ."

"ಪೆನ್ನಿಲ್ಲ, ಪೆನ್ಸಿಲ್ಲು! ನಾಳೆ ಯಾವನಾದ್ರೂ ರಬ್ಬರ್ ತಕಂಡು ಉಜ್ಜುದ್ರೆ?"

"ಇದು ಕಾಪಿ ಪೆನ್ಸಿಲ್ಲು. ನೀರ್ ಮುಟ್ಟುದ್ರೆ ನೇರಳೆ ಆಯ್ತದೆ, ಅಳಿಸಕ್ಕಾಗಕಿಲ್ಲ," ಎಂದು ಅಂದಾನಯ್ಯ ಮೊನೆಯನ್ನು ನಾಲಿಗೆಗೆ ಮುಟ್ಟಿಸಿ ಬರೆದು ತೋರಿಸಿದ. ಶಾಯಿಯ ಪೆನ್ನು ಕಾರ್ಬನ್ನಿನ ಕೆಳಗೆ ಇಳಿಯದು ಎಂಬುದು ಒಂದು ಕಾರಣ. ದಪ್ಪ ಪೆನ್ಸಿಲನ್ನು ಬೆರಳು ಬಿಗಿಯದೆಯೂ ಹಿಡಿಯಬಹುದು ಎಂಬ ಎರಡನೆಯ ಕಾರಣವನ್ನು ಅವನು ಹೇಳಲಿಲ್ಲ.

ಮೊದಲ ದಿನ ಎಂಟು ಅಂಗಡಿಗಳ ಆರ್ಡರು ಹಲಗೆಯ ಮೇಲೆ ಬರೆದ. ಹನ್ನೊಂದು ಗಂಟೆಗೆ ಮುಗಿಯಿತು. ಕೈ ಹಗುರವಾಗಿತ್ತು. ಅಂದು ಮನೆಯಲ್ಲಿ ಎರಡು ಮುದ್ದೆ ಉಂಡ.

ನಾಲ್ಕನೆಯ ದಿನ ಚೌಡಯ್ಯ ಹೆಗಲ ಮೇಲೊಂದು ಗೋಣಿಚೀಲ ಹೊತ್ತು ಬಂದು ಮೇಜಿನ ಮೇಲೆ ಸುರಿದ. ಬಾಚಣಿಗೆಗಳು ಸಾಲುಸಾಲಾಗಿ ನೆಲಕ್ಕೆ ಜಾರಿದವು.

"ಇಪ್ಪತ್ನಾಕು ಡಜನ್ ಬೆಂಕಿಪೊಟ್ಣ ಕೇಳುದ್ರೆ ಇಪ್ಪತ್ನಾಕು ಡಜನ್ ಬಾಚಣ್ಗೆ ಕಳ್ಸವ್ರೆ! ನಮ್ಮೂರ್ನೋರೇನು ಒಲೆನ ಬಾಚಣ್ಗೆಲಿ ಅತ್ತುಸ್ತಾರಾ ಯಜಮಾನ್ರೆ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ತಮ್ಮಯ್ಯನವರು ನಗಲಿಲ್ಲ. ತೊಣ್ಣೂರಿನಿಂದಲೂ ಕಿಕ್ಕೇರಿಯಿಂದಲೂ ಇಂಥದೇ ದೂರು ಬಂದಿತ್ತು. "ಆ ಅಲಗೆನ ಒಲೆಗಾಕು. ಬಾಚಣ್ಗೆಗಿಂತ ಚಂದಾಗ್ ಉರೀತದೆ," ಎಂದು ಒಳಗೆ ಹೋದರು.

ಅಂದಾನಯ್ಯ ನೆಲಕ್ಕೆ ಬಿದ್ದ ಬಾಚಣಿಗೆಗಳನ್ನು ಹೆಕ್ಕಿದ. ಆದರೆ ತಪ್ಪಿಗೆ ಒಂದು ಕ್ರಮವಿದ್ದಂತೆ ಕಂಡದ್ದರಿಂದ ಅವನು ಹಲಗೆಯನ್ನು ಬಿಡಲಿಲ್ಲ. ಗೋಡೌನಿನಿಂದ ಎಂಟು ಪಟ್ಟಿಗಳನ್ನೂ ತರಿಸಿ ಸಾಲಾಗಿ ಹಾಸಿದ. ಐದು ಸರಿ, ಮೂರು ತಪ್ಪು. ತಪ್ಪಾದ ಮೂರರಲ್ಲೂ ಪ್ರತಿ ಅಂಕಿಯೂ ಸರಿಯಾಗಿ ಒಂದು ಸಾಲು ಕೆಳಗೆ ಇಳಿದಿತ್ತು, ಬೆಂಕಿಪೊಟ್ಟಣದ್ದು ಬಾಚಣಿಗೆಯ ಸಾಲಿಗೆ. ಮೊಳೆ ಸಡಿಲವಾಗಿದ್ದರೆ ಎಂಟೂ ಕೆಡಬೇಕಿತ್ತು. ಹಾಗಾದರೆ ಈ ಮೂರಕ್ಕೆ ಮಾತ್ರ ಏನು ಬಂತು? ಐದು ಅಂಗಡಿಯವರು ಚೀಟಿ ಬರೆದು ಕಳಿಸಿದ್ದರು. ಚೌಡಯ್ಯ, ತೊಣ್ಣೂರಿನವನು, ಕಿಕ್ಕೇರಿಯವನು, ಈ ಮೂವರು ಎದುರಿಗೆ ಕೂತು ಬಾಯಲ್ಲಿ ಹೇಳಿ ಬರೆಸಿದವರು. ಅವರ ಪಟ್ಟಿಯ ಮೊದಲ ಸಾಲಿನಲ್ಲಿ ಮೂರಕ್ಕೆ ಮೂರರಲ್ಲೂ 'ಒಂದು' ಎಂದಿತ್ತು. ಮೊದಲ ಸಾಲು ಮೈಸೋಪಿನದು. ಯಾರೂ ಒಂದೇ ಒಂದು ಮೈಸೋಪು ಕೊಳ್ಳುವವರಲ್ಲ.

ಅಂದಾನಯ್ಯ ಆ ಒಂದನ್ನು ನೋಡುತ್ತ ಕೂತ. ಆಮೇಲೆ ಅವನ ತುಟಿ ತಾನಾಗಿ ಅಲುಗಿತು: "ಅರಿಸ್ನ ಒಂದು. ಮುಂದೆ?"

ಅದು ಆ ಅಂಗಡಿಯ ಪದ್ಧತಿ. ತಮ್ಮಯ್ಯನವರ ತಾತ ಶುರುಮಾಡಿದ್ದು. ಯಾರು ಬಂದು ಏನು ಬರೆಸಲಿ, ಮೊದಲು ಅರಿಶಿನದ ಒಂದು ಪೊಟ್ಟಣ ಬರೆದು, 'ಮುಂದೆ?' ಎನ್ನಬೇಕು, ಆ ಪೊಟ್ಟಣಕ್ಕೆ ದುಡ್ಡಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಂದಾನಯ್ಯ ಅದನ್ನು ಎಷ್ಟು ಸಾವಿರ ಸಲ ಹೇಳಿದ್ದನೋ! ಕಂಪನಿಯ ಅಚ್ಚಿನ ಪಟ್ಟಿ ನೋಡಿಕೊಂಡು ಅವನು ಹಲಗೆಯ ಸಾಲುಗಳನ್ನು ಗೆರೆ ಹೊಡೆದಿದ್ದ. ಕಂಪನಿ ಅರಿಶಿನ ಮಾರುವುದಿಲ್ಲ. ಪಟ್ಟಿಗಳ ಮೇಲೆ ಹೆಸರೂ ಬರೆದಿರಲಿಲ್ಲ, ಸಾಲು ಬಾಯಿಪಾಠ ಇದೆಯೆಂಬ ಧೈರ್ಯ. ಎದುರಿಗೆ ಮನುಷ್ಯ ಕೂತು ಮಾತಾಡಿದ ಕೂಡಲೆ ಬಾಯಿ ತನ್ನ ಪಾಡಿಗೆ ಅರಿಶಿನ ಎಂದಿತ್ತು, ಕೈ ತನ್ನ ಪಾಡಿಗೆ ಬರೆದಿತ್ತು.

ಕೈಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎಂದುಕೊಂಡ. ಅದಕ್ಕೆ ಒಂದು ಸಾಲು ಕೊಟ್ಟುಬಿಟ್ಟರಾಯಿತು.

ಮಾರನೆಯ ದಿನ ಮೂರು ಪಟ್ಟಿಗಳನ್ನು ತಮ್ಮಯ್ಯನವರ ಮುಂದೆ ಹಿಡಿದು ಎಲ್ಲವನ್ನೂ ಹೇಳಿದ. ತಮ್ಮಯ್ಯನವರು ಅರ್ಧದಲ್ಲೇ ತಡೆದರು. "ಅಂದ್ರೆ ನಮ್ ತಾತಂದೇ ತಪ್ಪು ಅಂತೀಯಾ?"

"ಅವರ್ದಲ್ಲ ಯಜಮಾನ್ರೆ. ಅವ್ರಿಗ್ ಜಾಗ ಇಡ್ದೆ ಬಿಟ್ಟೋನು ನಾನು. ಈ ಸಲ ಪಟ್ಟಿ ಅಚ್ಚಾಕುಸ್ತೀನಿ. ಮೊದಲ್ನೇ ಸಾಲೇ ಅರಿಸ್ನ."

ತಮ್ಮಯ್ಯನವರು ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ದೀಪಾವಳಿ ಆರ್ಡರ್ ಇದ್ರಲ್ಲೇ ಮಾಡು. ಸಂತೆ ದಿನ ಎಲ್ಲಾ ಅಂಗಡಿಯೋರೂ ಬತ್ತಾರೆ. ಅವತ್ತು ಸಾಯಂಕಾಲದ್ ಟಪಾಲು ತಪ್ಪುದ್ರೆ ಮಾರ್ನೆ ದಿನ ನಮ್ಮಣ್ಣನ್ ಮಗ ನಿನ್ ಕುರ್ಚೀಲಿ ಕೂತಿರ್ತಾನೆ. ಆಮೇಲ್ ನನ್ ಮ್ಯಾಲೆ ಬೇಜಾರ್ ಮಾಡ್ಕಬ್ಯಾಡ."

ಆ ಸಂತೆಯ ದಿನ ಬೆಳಿಗ್ಗೆ ಎಂಟಕ್ಕೇ ಅಂಗಡಿ ತುಂಬಿತು. ನಾಗಮಂಗಲದ ಬಸ್ಸಿನಿಂದ ಇಳಿದವರು, ಗಾಡಿ ಕಟ್ಟಿಕೊಂಡು ಬಂದವರು, ಸೈಕಲ್ಲಿನವರು. ಅಂದಾನಯ್ಯ ಮೊದಲ ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿ, "ಅರಿಸ್ನ ಒಂದು. ಮುಂದೆ?" ಎಂದ. ಬರೆದು ಮುಗಿದ ಕೂಡಲೆ ಮೇಲಿನ ಪಟ್ಟಿ ಅಂಗಡಿಯವನ ಕೈಗೆ, ಕೆಳಗಿನದು ಗೋಡೌನಿನ ಚಿಕ್ಕಸಿದ್ದಯ್ಯನ ಕೈಗೆ. ಮೂರನೆಯದು ಹಾಳೆಯ ಮೇಲೆ ಅಚ್ಚೊತ್ತಿದಂತೆ ಉಳಿಯಿತು. ಒಂದು ಮೊಳೆ ಸರಿಸಿದ. ಮುಂದೆ?

"ಇಷ್ಟೇನಾ? ಆಯ್ತಾ?" ಎಂದ ಚೌಡಯ್ಯ ಪಟ್ಟಿ ಹಿಡಿದುಕೊಂಡು. "ಬೀಡಿ ಅತ್ತುಸ್ಕಳಕ್ಕೂ ಪುರುಸೊತ್ ಕೊಡ್ನಿಲ್ವಲ್ರೀ! ಬಾಚಣ್ಗೆ ಎಷ್ಟೈತೆ ಇದ್ರಲ್ಲಿ?"

"ಸೊನ್ನೆ."

"ಅಂಗೇ ಇರ್ಲಿ. ಓದ್ಸಲ ನಾ ವಾಪಸ್ ತಂದಿದ್ದೇ ನಿಮ್ ಮೊಮ್ಮಕ್ಳ ಕಾಲ್ದವರ್ಗೂ ಬತ್ತದೆ."

ಹನ್ನೆರಡಕ್ಕೆ ಇಪ್ಪತ್ತೆರಡು ಮೊಳೆಯೂ ಮುಗಿದು ಎರಡನೆಯ ಹಾಳೆ ಹಾಕಿದ. ಎರಡೂಕಾಲಿಗೆ ನಲವತ್ತಮೂರನೆಯ ಅಂಗಡಿ ಮುಗಿಯಿತು. ಹೆಬ್ಬೆರಳು ಎರಡು ಸಲ ಎಳೆದಂತಾಯಿತು. ಎರಡು ಸಲವೂ ಪಟ್ಟಿ ಸರಿಸುವ ನೆಪದಲ್ಲಿ ಕೈ ಬಿಡಿಸಿಕೊಂಡ. ಅಡ್ಡಸಾಲುಗಳನ್ನು ಕೂಡತೊಡಗಿದಾಗ ನಂಜಪ್ಪನವರು ಕರೆಯದೆಯೇ ಬಂದು ಎದುರಿಗೆ ಕೂತರು.

"ನೀನು ಅಡ್ಡಕ್ಕೆ ಕೂಡು. ನಾನು ಉದ್ದಕ್ಕೆ ಕೂಡ್ತೀನಿ."

"ಉದ್ದಕ್ಕೆ ಕೂಡುದ್ರೆ ಸೋಪ್ನೂ ಚಾಪುಡಿನೂ ಸೇರುಸ್ದಂಗಾಯ್ತದಲ್ಲ ನಂಜಪ್ಪನೋರೆ?"

"ಅರ್ಥ ಇಲ್ಲ ಕಣಯ್ಯಾ, ಆದ್ರೆ ಎರಡ್ ಕಡೆ ಮೊತ್ತಾನೂ ಒಂದೇ ಬರ್ಬೇಕಲ್ಲ? ಬರ್ಲಿಲ್ಲ ಅಂದ್ರೆ ನಿನ್ ಅಲಗೆ ಸುಳ್ಳು."

ಇಬ್ಬರೂ ತಲೆ ಬಗ್ಗಿಸಿದರು. ಅಂಗಡಿಯಲ್ಲಿ ತಕ್ಕಡಿಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ತಮ್ಮಯ್ಯನವರು ಬಾಗಿಲಲ್ಲಿ ಬಂದು ನಿಂತಿದ್ದನ್ನು ಇಬ್ಬರೂ ನೋಡಲಿಲ್ಲ. ಮೂರೂವರೆಗೆ ನಂಜಪ್ಪನವರು ಪೆನ್ನು ಕೆಳಗಿಟ್ಟರು.

"ನಿಂದೆಷ್ಟು?"

"ಮೂರ್ ಸಾವ್ರದ ಎಂಟ್ನೂರ ಹದಿನಾರು."

ನಂಜಪ್ಪನವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ತಮ್ಮ ಹಾಳೆಯನ್ನು ಅವನ ಕಡೆ ತಿರುಗಿಸಿದರು. ಮೂರು ಸಾವಿರದ ಎಂಟುನೂರ ಹದಿನಾರು.

"ಕಂಪನಿ ಆಳೆ ನಾ ಬರೀತೀನಿ, ತತ್ತಾ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ ಕೈಯ ಒಂದೊರ್ಸದಿಂದ ನೋಡ್ತಿವ್ನಿ. ಯಾರ್ಗೂ ಏಳ್ಲಿಲ್ಲ. ಏಳಿದ್ರೆ ಇಂಗೊಂದು ಅಲಗೆ ಬತ್ತಿತ್ತಾ?"

ಅಂದಾನಯ್ಯ ಕಂಪನಿಯ ಹಾಳೆಯನ್ನು ಅವರ ಮುಂದೆ ಸರಿಸಿದ. ಬಾಗಿಲಲ್ಲಿ ತಮ್ಮಯ್ಯನವರು ದೊಡ್ಡದಾಗಿ ಕೆಮ್ಮಿದರು. "ನಂಜಪ್ಪನೋರೆ, ಅಂಗೇ ಮಂಡ್ಯಕ್ಕೂ ಒಂದ್ ಕಾರ್ಡ್ ಬರ್ದಾಕಿ. ಆ ಉಡ್ಗ ಅಲ್ಲೇ ಎಲ್ಲಾದ್ರೂ ಕೆಲ್ಸ ನೋಡ್ಕಳ್ಲಿ. ಇಲ್ಲಿ ಕುರ್ಚಿ ಖಾಲಿ ಇಲ್ಲ." ಬಳಿಕ ಅಂದಾನಯ್ಯನ ಕಡೆ ತಿರುಗಿ, "ಇನ್ನೊಂದ್ ಅಲಗೆ ಎಷ್ಟಾಯ್ತದೆ, ಕೇಳು ನಿನ್ ಭಾಮೈದನ್ನ," ಎಂದರು.

ಅಂದಾನಯ್ಯ ಜಟಕಾದಲ್ಲಿ ಸ್ಟೇಷನ್ನಿಗೆ ಹೋಗಿ ಲಕೋಟೆಯನ್ನು ರೈಲಿನ ಟಪಾಲು ಬೋಗಿಯವನ ಕೈಗೇ ಕೊಟ್ಟ. ಬೆಂಗಳೂರಿನ ರೈಲು ಹೊಗೆ ಬಿಟ್ಟುಕೊಂಡು ಹೊರಟಿತು. ಪ್ಲಾಟ್‌ಫಾರಂ ತುದಿಯಲ್ಲಿ ಮಾದಮ್ಮ ಎಂಬ ಮುದುಕಿ ಸೌತೆಕಾಯಿಯ ಪುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಏನಪ್ಪಾ, ನಾಲ್ಗೆಯೆಲ್ಲ ನೇರಳೆ ಅಣ್ಣು ತಿಂದಂಗಾಗದೆ? ಈ ಕಾಲ್ದಲ್ಲಿ ಎಲ್ ಸಿಕ್ತು?"

ಅವನು ನಕ್ಕ. ಅವಳು ಸೌತೆಕಾಯಿ ಸೀಳಿ, ಉಪ್ಪು ಖಾರ ಸವರಿ ಮುಂದೆ ಚಾಚಿದಳು. ಅಂದಾನಯ್ಯ ಅದನ್ನು ಬಲಗೈಯಲ್ಲಿ ತೆಗೆದುಕೊಂಡು, ಕಾದಿದ್ದ ಜಟಕಾ ಬಿಟ್ಟು, ನಡೆದೇ ಊರ ಕಡೆ ಹೊರಟ. ನಾಲೆಯ ನೀರಿನ ಮೇಲೆ ಇನ್ನೂ ಬಿಸಿಲಿತ್ತು. ಏರಿಯ ಮೇಲೆ ಎಮ್ಮೆಗಳು ಮನೆಗೆ ತಿರುಗಿದ್ದವು. ಅವುಗಳ ಹಿಂದೆ, ಆತುರವಿಲ್ಲದೆ, ಸೌತೆಕಾಯಿ ಕಚ್ಚುತ್ತ ಅವನೂ ಹೆಜ್ಜೆ ಹಾಕಿದ.