ಬ್ರೇಕ್ ಹಾಕಿದ ಗುರುತು

"ಚಕ್ರ ನಿಂತ ಮೇಲೆ ಲಾರಿನೂ ನಿಲ್ಲಬೇಕಲ್ವಾ, ಬು?" ಎಂದು ಮುಂದಿನ ಬೆಂಚಿನ ಲಾರಸ್ ಕೇಳಿದಾಗ ಸುಪ್ರಿಹಾತಿನ್ ಟೀಚರ್ ಬೋರ್ಡಿನ ಮೇಲೆ ಇಳಿಜಾರಿನ ಲಾರಿಗೆ ಬಾಣದ ಗುರುತು ಹಾಕುತ್ತಿದ್ದಳು. ಜಾವಾದ ಆ ಊರಲ್ಲಿ ಹೆಂಗಸರನ್ನು 'ಅಮ್ಮಾ' ಎನ್ನುವ ಹಾಗೆ 'ಬು' ಎಂದೇ ಕರೆಯುವುದು.

"ಎಲ್ಲಿ ನಿಲ್ಲುತ್ತೆ? ಓಡ್ತಿರೋ ವಸ್ತು ಓಡ್ತಾನೇ ಇರೋಕೆ ನೋಡುತ್ತೆ. ಚಕ್ರ ಕಚ್ಚಿ ನಿಂತ್ರೂ ಲಾರಿ ಮುಂದಕ್ಕೇ ಜಾರುತ್ತೆ. ರಸ್ತೆ ಅದನ್ನ ಉಜ್ಜಿ ಉಜ್ಜಿ ನಿಲ್ಲಿಸಬೇಕು. ಟೈರು ಸುಟ್ಟು ಕಪ್ಪು ಗೆರೆ ಬೀಳೋದು ಅದಕ್ಕೇ."

ಮಕ್ಕಳು ಒಬ್ಬೊಬ್ಬರಾಗಿ ಬೋರ್ಡಿನಿಂದ ಕಣ್ಣು ಕೆಳಗಿಳಿಸಿದರು. ಹಿಂದಿನ ತಿಂಗಳು ಮೆರಾಪಿ ಬೆಟ್ಟದಿಂದ ಮರಳು ತುಂಬಿಕೊಂಡು ಇಳಿಯುತ್ತಿದ್ದ ಲಾರಿಗೆ ಸಿಕ್ಕಿ ಅವಳ ಗಂಡ ವಾಸ್ಕಿತೊ ಸತ್ತಿದ್ದ. ಮಕ್ಕಳಿಗೆಲ್ಲ ಅದು ಗೊತ್ತು. ವರ್ಷ ವರ್ಷವೂ ಇದೇ ಪಾಠಕ್ಕೆ ಇದೇ ಲಾರಿ ಬರೆದು ರೂಢಿಯಾಗಿದ್ದ ಕೈ ಈ ಸಲವೂ ಯೋಚಿಸದೆ ಬರೆದುಬಿಟ್ಟಿತ್ತು.

ಡ್ರೈವರ್ ಬ್ರೇಕನ್ನೇ ಹಾಕಲಿಲ್ಲ ಎಂದು ಪೊಲೀಸರ ಮುಂದೆ ಹೇಳಿದವಳು ಅವಳೇ. ಜಗಲಿಯಿಂದ ಅವಳಿಗೆ ಕಂಡದ್ದೂ ಹಾಗೆಯೇ: ಗಂಡನ ಬೈಕು ಗಲ್ಲಿಯಿಂದ ರಸ್ತೆಗೆ ಇಳಿದದ್ದು, ಲಾರಿ ನಿಲ್ಲದೆ ಬಂದದ್ದು. ಡ್ರೈವರ್ ತುಕಿಜಾನ್ ಅಂದಿನಿಂದ ಲಾಕಪ್ಪಿನಲ್ಲಿದ್ದ. ಅವಳು ಆ ರಸ್ತೆಯನ್ನೇ ಬಿಟ್ಟು, ಗದ್ದೆಯ ಬದುವಿನ ಮೇಲೆ ಶಾಲೆಗೆ ಹೋಗಿಬರುತ್ತಿದ್ದಳು.

ಆ ಸಂಜೆ ರಸ್ತೆ ಹಿಡಿದಳು. ಟೈರಿನ ಕಪ್ಪು ಗೆರೆ ಮಾಸಿತ್ತು, ಅಳಿಸಿಹೋಗಿರಲಿಲ್ಲ. ಗಲ್ಲಿಯ ಬಾಯಿಂದ ಅದರ ಪಕ್ಕದಲ್ಲೇ ಮೇಲಕ್ಕೆ ನಡೆದಳು. ತಿರುವು ಮುಗಿದು ಗಲ್ಲಿ ಕಣ್ಣಿಗೆ ಬೀಳುತ್ತದಲ್ಲ, ಆ ಜಾಗದ ಹತ್ತಿರದಲ್ಲೇ ಗೆರೆ ಶುರುವಾಗಿತ್ತು. ಕಂಡ ತಕ್ಷಣ ಆತ ಬ್ರೇಕ್ ತುಳಿದಿದ್ದ. ಅಲ್ಲಿಂದ ಮುಂದಿನದು ಅವನ ಕೈಯಲ್ಲಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಮರಳಿನ ಲಾರಿ ಹಾರ್ನ್ ಹೊಡೆದು ಹೋದಾಗಲೇ ಅವಳಿಗೆ ತಾನು ರಸ್ತೆಯ ಮಧ್ಯೆ ನಿಂತದ್ದು ತಿಳಿಯಿತು.

ಮನೆಯಲ್ಲಿ ಮೈದುನ ಹರ್ಸೊನೊ ಕಾಯುತ್ತಿದ್ದ. ಠಾಣೆಗೆ ಹೋಗಿ ಹೇಳಿಕೆ ಬದಲಾಯಿಸುತ್ತೇನೆ ಎಂದು ಅವಳು ಹೇಳಿದ್ದು ಕೇಳಿ ಚಹಾದ ಲೋಟ ಕೆಳಗಿಟ್ಟ.

"ತಲೆ ಕೆಟ್ಟಿದ್ಯಾ ಅತ್ತಿಗೆ? ಅಣ್ಣ ತಾನೇ ಹೋಗಿ ಲಾರಿಗೆ ಬಿದ್ದ ಅಂತ ಹೇಳ್ತೀರಾ?"

"ಬಿದ್ದ ಅಂತಲ್ಲ. ನೋಡದೆ ರಸ್ತೆಗಿಳಿದ್ರು ಅಂತ."

"ಸತ್ತೋರ ಮೇಲೆ ತಪ್ಪು ಹೊರಿಸೋದಾ?"

"ಬದುಕಿದ್ದಾಗ ದಿನಾ ಬೈತಿದ್ದೆ, ನಿನ್ನ ಎದುರಿಗೇ ಬೈದಿದ್ದೀನಿ. 'ಬರೋರು ನೋಡ್ಕೊಂಡು ಬರ್ತಾರೆ ಬಿಡೇ' ಅಂತ ನಗ್ತಿದ್ರು. ಈಗ ಅವರಿಲ್ಲ ಅಂತ ಅದು ಸುಳ್ಳಾಗುತ್ತಾ?"

ಹರ್ಸೊನೊ ಎದ್ದ. "ಈ ಮನೆಗೆ ಇನ್ನು ನನ್ನ ಕರೀಬೇಡಿ" ಎಂದವನು ಬಾಗಿಲನ್ನು ಮಾತ್ರ ಮೆಲ್ಲಗೆ ಎಳೆದುಕೊಂಡು ಹೋದ.

ಮರುದಿನ ಠಾಣೆಯ ಬೆಂಚಿನ ಮೇಲೆ ಬಾಳೆಲೆಯ ಪೊಟ್ಟಣ ಹಿಡಿದು ಒಬ್ಬ ಹೆಂಗಸು ಕೂತಿದ್ದಳು. ಸುಪ್ರಿಹಾತಿನ್‌ಳನ್ನು ಕಂಡು ದಡಬಡನೆ ಎದ್ದಳು. ಅವಳು ತುಕಿಜಾನ್‌ನ ಹೆಂಡತಿ ಕಾತ್ಮಿ.

"ನೀವು ಕೂತ್ಕೊಳ್ಳಿ ಬು. ನಾನು ಆಚೆ ನಿಲ್ತೀನಿ."

"ಕೂತ್ಕೊಳ್ಳಮ್ಮ. ನಿನ್ನ ಗಂಡ ಬ್ರೇಕ್ ಹಾಕಿದ್ದ. ಅದನ್ನ ಹೇಳೋಕೇ ಬಂದೆ."

ಕಾತ್ಮಿ ಕೂರಲಿಲ್ಲ. "ನಮ್ಮೋರು ನಿದ್ದೇಲೂ ಬ್ರೇಕ್ ತುಳಿಯೋ ಹಾಗೆ ಬಲಗಾಲು ಒತ್ತುತ್ತಾರಂತೆ. ಲಾಕಪ್ಪಲ್ಲಿ ಜೊತೇಲಿರೋರು ನೋಡಿ ನಗ್ತಾರಂತೆ" ಎಂದಳು.

ಒಳಗೆ ಅಧಿಕಾರಿ ಎರಡೆರಡು ಸಲ ಕೇಳಿದ. "ಹೇಳಿಕೆ ಬದಲಾಯಿಸಿದ್ರೆ ನಿಮ್ಮನ್ನೂ ಪ್ರಶ್ನೆ ಮಾಡ್ತಾರೆ, ಬು. ಯೋಚನೆ ಮಾಡಿ." ಅವಳು ಪಾಠ ಹೇಳುವಂತೆಯೇ ನಿಧಾನವಾಗಿ ಹೇಳುತ್ತ ಹೋದಳು. ಗಂಡನ ಹೆಸರನ್ನು ಮಾತ್ರ ಎರಡು ಸಲ ಶುರುಮಾಡಬೇಕಾಯಿತು. ಅಧಿಕಾರಿ ಪೆನ್ನು ಎತ್ತಿ ಹಿಡಿದು ಕಾದ.

ಹೊರಗೆ ಬಂದು ಬೆಂಚಿನ ಮೇಲೆ ಕೂತಳು.

"ಏನೂ ತಿಂದಿಲ್ಲ ಅಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ." ಕಾತ್ಮಿ ಪೊಟ್ಟಣ ಬಿಚ್ಚಿ ಅವಳ ಮಡಿಲಲ್ಲಿಟ್ಟಳು.

"ಇದು ಅವನಿಗೆ ತಂದದ್ದಲ್ವಾ?"

"ಅವರಿಗೆ ಮತ್ತೆ ತರ್ತೀನಿ."

ಅನ್ನ ಇನ್ನೂ ಬಿಸಿಯಾಗಿತ್ತು. ಸುಪ್ರಿಹಾತಿನ್ ಮೊದಲ ತುತ್ತು ಎತ್ತಿದಳು. ಕಾತ್ಮಿ ಪಕ್ಕದಲ್ಲಿ ಕೂತು ಸೆರಗಿನ ತುದಿಯಿಂದ ನೊಣ ಓಡಿಸತೊಡಗಿದಳು.