ಹೆಣ್ಣು ನೋಡಲು ಬಂದ ಲೆಕ್ಕ

ನನಗೆ ಹಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಣ್ಣು ನೋಡಲು ಬಂದ ಮೂರು ಮನೆಯವರು ಅದೊಂದೇ ಕಾರಣಕ್ಕೆ, ಕೊಟ್ಟ ಅವಲಕ್ಕಿ ತಿಂದು, ಹೋಗಿ ಹೇಳಿ ಕಳಿಸುತ್ತೇವೆ ಎಂದು ಹೊರಟವರು ಹೋದವರೇ ಸರಿ. ಅವರಿಗೆ ಸೊಸೆ ಬೇಕಿತ್ತೋ ಹಾರ್ಮೋನಿಯಂ ಬೇಕಿತ್ತೋ, ದೇವರೇ ಬಲ್ಲ.

ನನಗೂ ಮದುವೆಯ ಅವಸರ ಇರಲಿಲ್ಲ. ಬೇಕಾಗಿದ್ದದ್ದು ಒಂದೇ, ಕುಮಟೆಯಲ್ಲಿ ಶಿಕ್ಷಕಿಯರ ಟ್ರೇನಿಂಗು. ಅರವತ್ತೊಂದರಲ್ಲಿ ಮೆಟ್ರಿಕ್ ಪಾಸಾದಾಗ ಲೆಕ್ಕದಲ್ಲಿ ಇಡೀ ಶಾಲೆಗೆ ನಾನೇ ಮೊದಲು. ಅಪ್ಪಯ್ಯ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಶಿರಾಲಿಯ ವೆಂಕಟ್ರಮಣ ಹೆಗಡೆಯ ಮಗಳು ವನಮಾಲಾ ಮದುವೆಗೆ ಮೊದಲೇ ಪರವೂರಲ್ಲಿ ಉಳಿದಳು ಎಂದರೆ ಊರ ಬಾಯಿ ಮುಚ್ಚುವವರು ಯಾರು? ಮದುವೆಯಾಗಲಿ, ಆಮೇಲೆ ಗಂಡನ ಮನೆಯವರು ಕಳಿಸಿದರೆ ಹೋಗಲಿ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

ಅಂಥ ಹೊತ್ತಿಗೆ ನನ್ನ ಸೋದರಮಾವ ಮಾಬ್ಲ, ಧಾರೇಶ್ವರದ ಸಂಬಂಧವೊಂದನ್ನು ತಂದ. ಹುಡುಗ ಮಹಾಗಣಪತಿ, ಸೊಸೈಟಿಯಲ್ಲಿ ಗುಮಾಸ್ತ. ಅವನ ತಂದೆ ವಿಘ್ನೇಶ್ವರ ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ಹಾಡು ಕೇಳುವುದಿಲ್ಲವಂತೆ, ಲೆಕ್ಕ ಕೇಳುತ್ತಾರಂತೆ. ನನಗೆ ಆ ಮನೆಯನ್ನು ನೋಡುವ ಮೊದಲೇ ಪ್ರೀತಿ ಬಂತು. ಧಾರೇಶ್ವರದಿಂದ ಕುಮಟೆ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ. ಸೊಸೆಗೆ ಲೆಕ್ಕ ಬರಬೇಕು ಎನ್ನುವ ಮನುಷ್ಯ ಅವಳನ್ನು ಟ್ರೇನಿಂಗಿಗೆ ಕಳಿಸದೆ ಇರುತ್ತಾನೆಯೇ?

ತಮಾಷೆ ಎಂದರೆ ಮಾಸ್ತರು ಎಲ್ಲಿ ಹೋದರೂ ಕೇಳುವುದು ಅದೇ ಒಂದು ಲೆಕ್ಕ. ಮರದಲ್ಲಿ ಮಾಡಿದ ತ್ರಿಕೋನ ಪಟ್ಟಕ. ಎರಡು ತುದಿಗಳೂ ತ್ರಿಕೋನ. ಅದರ ಬುಡ ಎಂಟು ಅಂಗುಲ, ಎತ್ತರ ಮೂರು, ಓರೆ ಬದಿಗಳು ಐದೈದು. ಪಟ್ಟಕದ ಉದ್ದ ಹತ್ತು. ಎಲ್ಲ ಮೈಗೂ ಬಣ್ಣ ಬಳಿದರೆ ಎಷ್ಟು ಚದರಂಗುಲ? ಉತ್ತರ ಇನ್ನೂರ ನಾಲ್ಕು. ಭಟ್ಕಳದಿಂದ ಕುಮಟೆಯವರೆಗೆ ಮದುವೆಗೆ ಬಂದ ಹೆಣ್ಣಿದ್ದ ಮನೆಗಳಲ್ಲೆಲ್ಲ ಈ ಉತ್ತರ ಓಡಾಡುತ್ತಿತ್ತು. ಮೊದಲಾದರೆ ಒಂದು ದೇವರನಾಮ ಕಲಿಸಿ ಕೂರಿಸುತ್ತಿದ್ದರು, ಈಗ ಇನ್ನೂರ ನಾಲ್ಕನ್ನು ಕಲಿಸುತ್ತಿದ್ದರು. ಮಾಬ್ಲ ಮಾವನೂ ನನ್ನನ್ನು ಎದುರು ಕೂರಿಸಿಕೊಂಡು ಗಿಳಿಪಾಠ ಮಾಡಿಸಲು ಹೊರಟ. ನನಗೆ ಮೈಯೆಲ್ಲ ಉರಿಯಿತು. ಲೆಕ್ಕ ಬರುವವಳಿಗೆ ಉತ್ತರ ಬಾಯಿಪಾಠ ಮಾಡಿಸುವುದೇ? ಆದರೆ ಅಪ್ಪಯ್ಯ ಪಕ್ಕದಲ್ಲೇ ಕೂತು, ತಾನೂ ತುಟಿ ಆಡಿಸುತ್ತ ಅದನ್ನು ಕಲಿತ.

ಮಾಸ್ತರು ಮಗನೊಂದಿಗೆ ಬಂದರು. ಅವಲಕ್ಕಿ, ಚಹಾ ಆಯಿತು. ಹುಡುಗ ನೆಲ ನೋಡುತ್ತ ಕೂತಿದ್ದ, ನೋಡಲು ಬಂದದ್ದು ಅವನೋ ನಾನೋ ತಿಳಿಯದ ಹಾಗೆ. ಮಾಸ್ತರು ಪಾಟಿ ತರಿಸಿ ಪಟ್ಟಕದ ಚಿತ್ರ ಬರೆದು, ಅಳತೆ ಹಾಕಿ ನನ್ನ ಕೈಗೆ ಕೊಟ್ಟರು. ಬುಡ ಎಂಟು, ಎತ್ತರ ಮೂರು, ಓರೆ ಐದೈದು. ಉದ್ದದ ಜಾಗದಲ್ಲಿ ಮಾತ್ರ ಹನ್ನೆರಡು ಎಂದು ಬರೆದಿತ್ತು. ಹೋದಲ್ಲೆಲ್ಲ ಹುಡುಗಿಯರು ಉಸಿರು ಬಿಡುವುದರೊಳಗೆ ಇನ್ನೂರ ನಾಲ್ಕು ಎನ್ನುತ್ತಿದ್ದರೆ ಯಾವ ಮಾಸ್ತರಿಗಾದರೂ ಅನುಮಾನ ಬಾರದೇ?

ನಾನು ಸಮಾಧಾನವಾಗಿ ಮಾಡಿದೆ. ಮೈ ಒಟ್ಟು ಐದು. ಅಡಿಯದು ಎಂಟು ಹನ್ನೆರಡಲೆ ತೊಂಬತ್ತಾರು. ಓರೆಯವು ಐದು ಹನ್ನೆರಡಲೆ ಅರವತ್ತರಂತೆ ಎರಡು, ನೂರ ಇಪ್ಪತ್ತು. ತುದಿಯ ತ್ರಿಕೋನ ಎಂಟು ಮೂರಲೆ ಇಪ್ಪತ್ನಾಲ್ಕರಲ್ಲಿ ಅರ್ಧ, ಹನ್ನೆರಡು, ಅಂಥವು ಎರಡು. ಎಲ್ಲ ಕೂಡಿಸಿ ಇನ್ನೂರ ನಲವತ್ತು ಎಂದೆ.

ಅಪ್ಪಯ್ಯನ ಮುಖ ಬಿಳಿಚಿತು. ಪಾಟಿ ಅವನಿಗೆ ಕಾಣುತ್ತಿರಲಿಲ್ಲ. ಮಗಳು ಗಾಬರಿಯಲ್ಲಿ ನಾಲ್ಕನ್ನೂ ಸೊನ್ನೆಯನ್ನೂ ಹಿಂದುಮುಂದು ಮಾಡಿದಳು, ಈ ಸಂಬಂಧವೂ ತಪ್ಪಿತು ಎಂದುಕೊಂಡ ಪಾಪ. ಸುಮ್ಮನಿರಲಾಗದೆ ಬಾಯಿ ಹಾಕಿದ.

"ಇನ್ನೂರ ನಾಲ್ಕು ಮಾಸ್ತರೇ. ಕೂಸಿಗೆ ಹೆದರಿಕೆ ಆಯ್ದು."

ಮಾಸ್ತರು ಅವನ ಕಡೆ ತಿರುಗಲೂ ಇಲ್ಲ. ಅಪ್ಪಯ್ಯ ಹೇಳಿದ್ದು ಸರಿಯೋ ನೀನು ಹೇಳಿದ್ದು ಸರಿಯೋ ಎಂದು ನನ್ನನ್ನೇ ಕೇಳಿದರು. ಬಾಗಿಲ ಹಿಂದೆ ನಿಂತಿದ್ದ ಆಯಿಯ, ನನ್ನ ತಾಯಿಯ, ಬಳೆ ಸದ್ದಾಯಿತು. ನಾಲ್ಕು ಜನರೆದುರು ಅಪ್ಪನನ್ನು ತಪ್ಪು ಎಂದ ಹುಡುಗಿಯನ್ನು ಯಾರು ಒಪ್ಪುತ್ತಾರೆ? ಹಾಗೆಂದು ಇನ್ನೂರ ನಲವತ್ತನ್ನು ಬಿಟ್ಟುಕೊಡಲು ನನ್ನಿಂದಾಗದು.

"ಅಪ್ಪಯ್ಯ ಹೇಳಿದ್ದೂ ಸರಿ, ಉದ್ದ ಹತ್ತು ಇದ್ರೆ. ಇದು ಹನ್ನೆರಡು," ಎಂದೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾಸ್ತರು ಬಂದ ಮೇಲೆ ಹತ್ತು ಎಂದು ಯಾರೂ ಹೇಳಿಯೇ ಇರಲಿಲ್ಲ. ಮಾಬ್ಲ ಮಾವ ಎಲೆಯಡಿಕೆ ಉಗಿಯುವ ನೆಪದಲ್ಲಿ ಎದ್ದು ಹೊರಗೆ ಹೋದ. ಅಪ್ಪಯ್ಯ ತಲೆ ತಗ್ಗಿಸಿ ಕೂತ. ಅವನನ್ನು ಉಳಿಸಲು ಹೋಗಿ ನಾನೇ ಸಿಕ್ಕಿಸಿಹಾಕಿದ್ದೆ.

ಕಲಿಸಿ ಕೂರಿಸಿದ್ದರೋ ಎಂದು ಮಾಸ್ತರು ಕೇಳಿದರು. ಕಲಿಸಿದ್ದು ಹೌದು, ಆದರೆ ಇದನ್ನು ಮಾಡಿದ್ದು ನಾನೇ ಎಂದೆ. ಅವರು ಪಾಟಿಯನ್ನು ತೆಗೆದುಕೊಂಡು ಒಂದೊಂದೇ ಸಾಲು ನೋಡಿ, ಹೊಟ್ಟೆ ಕುಲುಕುವಷ್ಟು ನಕ್ಕರು. ಇಷ್ಟು ಮನೆ ತಿರುಗಿದ್ದಕ್ಕೆ ಇವತ್ತು ಒಂದು ಕೂಸು ಸಿಕ್ಕಿತು, ವೈಶಾಖದಲ್ಲೇ ಮದುವೆ ಮುಗಿಸೋಣ ಎಂದರು. ಬಾಗಿಲ ಹಿಂದಿನಿಂದ ಆಯಿ ನಿಟ್ಟುಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ನನಗೂ ಧೈರ್ಯ ಬಂತು. ಕೇಳುವುದಾದರೆ ಈಗಲೇ ಕೇಳಬೇಕು.

"ಮದುವೆ ಆದ್ಮೇಲೆ ಕುಮಟೆ ಟ್ರೇನಿಂಗಿಗೆ ಕಳಿಸ್ತ್ರಾ?"

ಮಾಸ್ತರು ನಗುತ್ತಲೇ ಇದ್ದರು.

"ಎಂತಕ್ಕೆ ತಂಗಿ? ಮುಂದೆ ನಿನ್ನ ಮಕ್ಕಗೆ ಮನೇಲೇ ಹೇಳಿಕೊಟ್ರೆ ಆತು. ಅದಕ್ಕೇ ಅಲ್ದ ಆನು ಲೆಕ್ಕ ಬಪ್ಪ ಕೂಸು ಹುಡುಕಿದ್ದು."

ನಾನು ಹುಡುಗನ ಮುಖ ನೋಡಿದೆ. ಅವನು ಇನ್ನೂ ನೆಲವನ್ನೇ ನೋಡುತ್ತಿದ್ದ. ಮನಸ್ಸಿನಲ್ಲೇ ಬಸ್ಸು ಹತ್ತಿ ಕುಮಟೆಗೆ ಹೋಗಿ ಕೂತಿದ್ದವಳನ್ನು ಯಾರೋ ಕೈ ಹಿಡಿದು ಇಳಿಸಿದ ಹಾಗಾಯಿತು. ಸಂಬಂಧ ಒಪ್ಪಿಗೆಯಾಗಿದೆ, ದಿನವೂ ಹೇಳಿಯಾಗಿದೆ, ಇನ್ನು ನಾನು ಬೇಡ ಎಂದರೆ ಕೇಳುವವರು ಯಾರು?

ಆಗ ಅಪ್ಪಯ್ಯ ತಲೆ ಎತ್ತಿದ. ಇನ್ನೂ ನಾಚಿಕೆಯಿಂದ ಅವನ ಕಿವಿ ಕೆಂಪಾಗಿಯೇ ಇತ್ತು.

"ಮಾಸ್ತರೇ, ತಪ್ಪು ತಿಳ್ಕಳಡಿ," ಎಂದ. "ಈ ಕೂಸು ಎದುರಿಗೆ ಕೂತದ್ದು ಅಪ್ಪನೋ ಮಾವನೋ ನೋಡಿದ್ದಿಲ್ಲೆ, ಸರಿ ಇದ್ದದ್ದು ಹೇಳ್ತು. ಇದನ್ನ ಒಂದು ಮನೆ ಮಕ್ಕಗೇ ಇಟ್ಕಂಡ್ರೆ ನ್ಯಾಯ ಅಲ್ಲ. ಟ್ರೇನಿಂಗಿಗೆ ಆನೇ ಕಳಿಸ್ತಿ. ಊರವು ಎಂತಾದ್ರೂ ಹೇಳ್ಲಿ. ನಿಂಗೊ ಬೇರೆ ಕೂಸು ನೋಡಿ."

ಒಳಗೆ ಆಯಿ ಹಣೆ ಹಣೆ ಬಡಿದುಕೊಂಡಳು. ಮಾಸ್ತರು ಮಗನನ್ನು ಎಬ್ಬಿಸಿಕೊಂಡು ಅಂಗಳಕ್ಕೆ ಇಳಿದರು. ಅಪ್ಪಯ್ಯ ಅವರನ್ನು ಬೇಲಿ ಬಾಗಿಲ ದಣಪೆಯವರೆಗೆ ಬಿಟ್ಟು ತಿರುಗಿ ಬಂದು, ಅಳುತ್ತ ನಿಂತಿದ್ದ ನನ್ನನ್ನು ನೋಡಿ, ಟ್ರೇನಿಂಗಿಗೆ ಅರ್ಜಿ ಕೊಡಲು ಕಡೆಯ ದಿನ ಯಾವುದು ಎಂದು ಕೇಳಿದ.