ಬಾಗಿಲ ಹೊರಗೆ ನಿಂತ ಊರುಗೋಲು

ನಾನು ಒಂದು ಬೆತ್ತದ ಊರುಗೋಲು. ಹುಟ್ಟಿದ್ದು ಖಾನಾಪುರದ ಕಾಡಿನಲ್ಲಿ. ಒಬ್ಬ ಕುಶಲಕರ್ಮಿ ನನ್ನನ್ನು ಕಡಿದು ತಂದು, ಒಣಗಿಸಿ, ಬೆಂಕಿಗೆ ಹಿಡಿದು ತಲೆ ಬಗ್ಗಿಸಿ ಹಿಡಿಕೆ ಮಾಡಿದ. ಬುಡಕ್ಕೊಂದು ರಬ್ಬರಿನ ಟೊಪ್ಪಿಗೆ ಹಾಕಿದ. ಆಮೇಲೆ ನನ್ನನ್ನು ನೆಲಕ್ಕೂರಿ, ಮೈಭಾರವನ್ನೆಲ್ಲ ಬಿಟ್ಟು ನೋಡಿದ. ಮಾಡಿದವನಿಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಅನುಮಾನ ನನಗೆ ಹುಟ್ಟಿನಿಂದಲೇ ಅಂಟಿಕೊಂಡಿತೋ ಏನೋ.

ಮೊದಲು ನನ್ನನ್ನು ಕೊಂಡವರು ಗುಂಡೋಪಂತ ಮಾಸ್ತರರು. ಅವರ ಕಾಲು ಗಟ್ಟಿಮುಟ್ಟಾಗಿದ್ದವು. ನಾನು ಬೇಕಾದದ್ದು ನಾಯಿ ಓಡಿಸಲು, ಹುಡುಗರನ್ನು ಹೆದರಿಸಲು, ದೇಸಾಯರ ಕಟ್ಟೆಯ ಮೇಲೆ ಕೂತಾಗ ಗದ್ದಕ್ಕೆ ಆಸರೆಯಾಗಲು. ಅವರು ತೀರಿಕೊಂಡ ಮೇಲೆ ನಾನು ನೆರೆಮನೆಯ ಬಾಳವ್ವಜ್ಜಿಯ ಕೈಗೆ ಬಂದೆ. ಬಸ್ಸು ಹತ್ತುವ ತನಕ ಅಜ್ಜಿ ಸರಸರ ನಡೆಯುತ್ತಿದ್ದಳು. ಹತ್ತಿದ ಕೂಡಲೇ ನನ್ನನ್ನು ಟಕಟಕ ಕುಟ್ಟಿ, "ಏಳೋ ತಮ್ಮಾ, ಕಾಲ ಸತ್ತಾವು ನನ್ನೂ" ಎನ್ನುವಳು. ಸೀಟು ಸಿಗುತ್ತಿತ್ತು. ಇಳಿದ ಮೇಲೆ ನಾನು ಅವಳ ಬಗಲಿಗೆ ಸೇರುತ್ತಿದ್ದೆ, ಅವಳು ಸಂತೆಗೆ ಓಡುತ್ತಿದ್ದಳು.

ಹೀಗಾಗಿ ಕಾಲುನೋವು ಅನ್ನುವುದು ಕಾಲಿನಿಂದಲ್ಲ, ಬಾಯಿಂದ ಬರುತ್ತದೆ ಎಂದು ನಾನು ತಿಳಿದುಕೊಂಡಿದ್ದೆ.

ಬಾಳವ್ವಜ್ಜಿಯ ತಂಗಿಯ ಮಗಳು ಗುರುಬಸವ್ವ. ಅಜ್ಜಿ ಹೋದ ಮೇಲೆ ಅವಳು ನನ್ನನ್ನು ತನ್ನ ಗಂಡನಿಗೆಂದು ಕೊಂಡೊಯ್ದಳು. ಅವರು ಹವಾಲ್ದಾರ್ ಈರಸಂಗಪ್ಪನವರು. ಆಗಷ್ಟೇ ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದರು. ಬ್ಯಾಂಕಿನ ಬಾಗಿಲಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು, ನಿಲ್ಲಲಾಗದೆ ಬಿಟ್ಟಿದ್ದರು. ಹಿಮದ ಗುಡ್ಡದಲ್ಲಿ ಕಾಲು ಕೆಟ್ಟಿದೆ, ಅದಕ್ಕೆ ಅಂಗವೈಕಲ್ಯದ ಪಿಂಚಣಿ ಕೊಡಿ ಎಂದು ಅರ್ಜಿ ಹಾಕಿದ್ದರು. ಅದು ಸಿಕ್ಕರೆ ಮನೆ ನಡೆಯುತ್ತಿತ್ತು. ಸಿಗದಿದ್ದರೆ ನಿಂತು ದುಡಿಯುವ ಇನ್ನೊಂದು ಕೆಲಸ ಹುಡುಕಬೇಕು. ಅದು ಅವರಿಂದ ಆಗುತ್ತಿರಲಿಲ್ಲ.

ನಾನು ಅವರ ಪಾದ ನೋಡಿದೆ. ಬೆರಳು ಐದೂ ಇದ್ದವು. ಗಾಯವಿಲ್ಲ, ಬಾವಿಲ್ಲ. ಇವರೂ ಬಾಳವ್ವಜ್ಜಿಯ ಪೈಕಿಯೇ ಎಂದುಕೊಂಡೆ.

"ಕೋಲ ಊರಾಕ ನಾ ಏನ್ ಮುದಕ ಆಗೀನಿ?" ಎಂದು ಅವರು ಮೊದಲ ದಿನವೇ ಹೆಂಡತಿಯನ್ನು ಗದರಿಸಿದರು. ಆಮೇಲೆ ನನ್ನನ್ನು ಬಗಲಲ್ಲಿ ಅಡ್ಡ ಹಿಡಿದು, ಎದೆ ಸೆಟೆಸಿ, ಸಾಹೇಬರ ಹಾಗೆ ಓಣಿಯಲ್ಲಿ ನಡೆದರು. ಚಹಾದಂಗಡಿಯ ದಸ್ತಗೀರ ಕಣ್ಣು ಮಿಟುಕಿಸಿದ. "ಏನ್ ಹವಾಲ್ದಾರ್ರ, ಇವತ್ತ ಯಾವ ಕಾಲ ನೋಯಾಕತ್ತೈತಿ? ಎಡಕಿಂದೋ ಬಲಕಿಂದೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೂ ಬಾಯಿದ್ದಿದ್ದರೆ ನಾನೂ ನಗುತ್ತಿದ್ದೆ.

ಮೆಡಿಕಲ್ ಬೋರ್ಡಿನ ದಿನ ಬಂತು. ಗಂಡ ಹೆಂಡತಿ ಇಬ್ಬರೂ ನನ್ನನ್ನು ಕರೆದುಕೊಂಡು ದೂರದ ಊರಿನ ಮಿಲಿಟರಿ ಆಸ್ಪತ್ರೆಗೆ ಹೋದರು. ಹವಾಲ್ದಾರರು ಹಿಂದಿನ ದಿನವೇ ಬೂಟಿಗೆ ಪಾಲಿಶ್ ಹಾಕಿದ್ದರು, ಮೀಸೆ ತಿದ್ದಿಸಿಕೊಂಡಿದ್ದರು. ಬಾಗಿಲ ಬಳಿ ನನ್ನನ್ನು ಜವಾನನ ಕೈಗೆ ಕೊಟ್ಟರು. ಸಾಹೇಬರ ಮುಂದೆ ಕೋಲೂರಿಕೊಂಡು ಹೋಗುವುದುಂಟೆ! ಸೆಲ್ಯೂಟ್ ಹೊಡೆಯಲು ಕೈ ಖಾಲಿ ಇರಬೇಕಲ್ಲ.

ನಾನು ಹೊರಗೆ ಗೋಡೆಗೆ ಒರಗಿದ್ದೆ. ಒಳಗೆ ಬೂಟು ಟಪ್ಪೆಂದು ಅಪ್ಪಳಿಸಿದ ಸದ್ದು ಕೇಳಿತು.

"ಕೋಯೀ ತಕಲೀಫ್?"

"ನಹೀ ಸಾಬ್!"

ಸಿಕ್ಕಿಬಿದ್ದರು! ತೊಂದರೆಯೇನೂ ಇಲ್ಲವೆಂದು ಇವರೇ ತಮ್ಮ ಬಾಯಿಂದ ಒಪ್ಪಿಕೊಂಡರಲ್ಲ ಎಂದು ನಾನು ಹಿಗ್ಗಿದೆ. ಅವರು ಹೊರಬಂದರು, ನನ್ನನ್ನು ತೆಗೆದುಕೊಂಡರು, ನೆಟ್ಟಗೆ ನಡೆದು ಮೂಲೆ ತಿರುಗಿದರು. ಒಳಗಿನವರ ಕಣ್ಣು ತಪ್ಪಿದ್ದೇ ತಡ, ಮೈಭಾರವನ್ನೆಲ್ಲ ನನ್ನ ಮೇಲೆ ಬಿಟ್ಟರು. ನಾನು ಬಿಲ್ಲಿನಂತೆ ಬಾಗಿದೆ, ಮುರಿಯುವುದೊಂದು ಬಾಕಿ. ಬಾಳವ್ವಜ್ಜಿ ಹತ್ತು ಜನರ ಕಣ್ಣೆದುರು ನನ್ನನ್ನು ಊರುತ್ತಿದ್ದಳು. ಇವರು ಯಾರೂ ನೋಡದ ಕಡೆ ಊರಿದರು.

ಅಂದಿನಿಂದ ನನ್ನ ಅನುಮಾನ ಮಗ್ಗುಲು ಬದಲಿಸಿತು.

ಅರ್ಜಿ ತಿರಸ್ಕಾರವಾಯಿತು. ಅಂಗವೈಕಲ್ಯ ಕಂಡುಬಂದಿಲ್ಲ, ಸೇವೆಯಲ್ಲಿದ್ದಾಗ ದೂರು ಕೊಟ್ಟದ್ದೂ ಇಲ್ಲ ಎಂದರು. ಗುರುಬಸವ್ವ ಹಿಟ್ಟು ನಾದುತ್ತಿದ್ದವಳು ಎದ್ದು ಬಂದಳು.

"ಇಲ್ಲ ಅಂತ ಯಾಕಂದ್ರಿ?"

"ಸಾಹೇಬ್ರು ಕೇಳಿದ್ರ ಹಂಗ ಅನ್ನೂದು. ಅದು ನಮ್ ಪದ್ಧತಿ."

"ಏನ್ ಸುಡಗಾಡ ಪದ್ಧತಿನೋ! ಮತ್ತ ಅಲ್ಲೀ ತನಕ ಎದಕ್ಕ ಹೋಗಿದ್ರಿ? ಮೀಸಿ ತೋರ್ಸಾಕ?"

ಮೇಲ್ಮನವಿ ಹಾಕಿದರು. ಮರುಪರೀಕ್ಷೆಗೆ ಕರೆ ಬರುವ ತನಕ ಗುರುಬಸವ್ವ ಮನೆಯಲ್ಲೇ ಕವಾಯತು ಶುರುಮಾಡಿದಳು. ತಾನು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಸಾಹೇಬಳಾಗಿ ಕೂಡುವಳು. "ಕೋಯೀ ತಕಲೀಫ್?" ಎಂದು ದನಿ ದಪ್ಪ ಮಾಡಿ ಕೇಳುವಳು. ಹವಾಲ್ದಾರರ ಹಿಮ್ಮಡಿ ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. "ನಹೀ ಸಾಬ್!" ಅವಳು ಹಣೆ ಚಚ್ಚಿಕೊಳ್ಳುವಳು. ಮತ್ತೆ ಕೇಳುವಳು. ಕೊನೆಗೊಂದು ದಿನ ಅವರು ಬೆವರುತ್ತ, ಕಳ್ಳತನ ಒಪ್ಪಿಕೊಂಡವರಂತೆ, "ಹೈ ಸಾಬ್" ಅಂದರು. ಅವಳು ಬೆಲ್ಲದ ಚೂರು ತಂದು ಬಾಯಿಗಿಟ್ಟಳು.

ಈ ಸಲ ಬೋರ್ಡಿನಲ್ಲಿದ್ದವರು ಒಬ್ಬ ಹಿರಿಯ ಡಾಕ್ಟರಮ್ಮ, ಮೈಸೂರು ಕಡೆಯವರು. ಹವಾಲ್ದಾರರು ಹಳೆಯ ರೂಢಿಯಂತೆ ನನ್ನನ್ನು ಹೊರಗೇ ಬಿಟ್ಟರು. ಗುರುಬಸವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಕಿವಿಗೊಟ್ಟಳು. ಡಾಕ್ಟರಮ್ಮನ ದನಿ ತೀರ ಮೆತ್ತಗಿತ್ತು. ಬೈಯುವವರಿಗಿಂತ ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಹೆಚ್ಚು ಭಯ.

"ಕೋಯೀ ತಕಲೀಫ್?"

ಒಳಗೆ ಬೂಟು ಅಪ್ಪಳಿಸಿತು. "ನಹೀ ಸಾಬ್!"

ಗುರುಬಸವ್ವ ಎದ್ದಳು. ಜವಾನ "ಏ ಅವ್ವಾ, ನಿಂದರ" ಎನ್ನುವಷ್ಟರಲ್ಲಿ ನಾನೂ ಅವಳೂ ಒಳಗಿದ್ದೆವು.

"ಯಾರಮ್ಮ ನೀವು? ಒಳಗೆ ಯಾಕೆ ಬಂದ್ರಿ?"

"ಇವ್ರ ಹೇಣ್ತಿರಿ, ಬಾಯಾರ. ಇವ್ರು ಸುಳ್ಳ ಹೇಳ್ತಾರ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕಾಲು ಚೆನ್ನಾಗಿದೆ ಅಂತೀರಾ?"

"ಅದಲ್ರಿ ಸುಳ್ಳು. ತ್ರಾಸ ಇಲ್ಲ ಅಂತಾರಲ್ಲ, ಅದು ಸುಳ್ಳು!"

ಹವಾಲ್ದಾರರ ಮುಖ ಕೆಂಪಾಯಿತು. ಡಾಕ್ಟರಮ್ಮ ನಗಲಿಲ್ಲ. ಬೂಟು ಬಿಚ್ಚಿಸಿ, ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿದರು. "ಸೂಜಿ ಮುಟ್ಟಿಸ್ತೀನಿ. ಗೊತ್ತಾದ ಕೂಡಲೇ ಹೇಳಿ" ಎಂದರು.

ಇದೂ ಒಂದು ಬಲೆಯೇ ಎಂದು ನಾನು ಕಾದೆ. ಅವರು ಹೆಬ್ಬೆರಳಿಗೆ ಚುಚ್ಚಿದರು. ಅಂಗಾಲಿಗೆ ಚುಚ್ಚಿದರು. ಹಿಮ್ಮಡಿಗೆ ಚುಚ್ಚಿದರು. ಹವಾಲ್ದಾರರು ಅಲುಗಲಿಲ್ಲ. ಅಂಗಾಲಿನಲ್ಲಿ ರಕ್ತದ ಒಂದು ಹನಿ ಕಾಣಿಸಿಕೊಂಡಿತು. ಅವರು ಕಣ್ಣು ಮುಚ್ಚಿಕೊಂಡೇ, ಬಲು ವಿನಯದಿಂದ ಹೇಳಿದರು: "ನಾ ತಯಾರ ಅದೀನ್ರಿ ಸಾಬ್. ನೀವಿನ್ನ ಶುರು ಮಾಡ್ರಿ."

ಗುರುಬಸವ್ವ ನನ್ನನ್ನು ಮಂಚಕ್ಕೆ ಒರಗಿಸಿ, ಸೆರಗಿನಿಂದ ಆ ಹನಿ ಒರೆಸಿದಳು. ರಾತ್ರಿ ಆ ಕಾಲು ಉರಿಯುವುದು ಅವಳಿಗೆ ಗೊತ್ತಿತ್ತು. ಹಗಲು ಅದು ಸತ್ತೇ ಇರುತ್ತದೆ ಎಂಬುದನ್ನು ಅವರು ಅವಳಿಗೂ ಹೇಳಿರಲಿಲ್ಲ.

"ಯಾವಾಗಿನಿಂದ ಹೀಗೆ?" ಡಾಕ್ಟರಮ್ಮ ಕೇಳಿದರು.

"ಬರ್ಫದ ಪೋಸ್ಟ್ ಮ್ಯಾಲಿದ್ದಾಗಿಂದ್ರಿ."

"ಆಗಲೇ ಯಾಕೆ ಹೇಳಲಿಲ್ಲ?"

ಹವಾಲ್ದಾರರು ಎದ್ದು ಕೂತರು. ಆಮೇಲೆ ಮೆಲ್ಲಗೆ ಅಂದರು: "ಜೋಡೀದಾರ ಬಚನಸಿಂಗಗ ಮಗಳ ಹುಟ್ಟಿದ್ಲರಿ. ಊರಿಗೆ ಹೊಂಟಿದ್ದ. ನಾ ಕಾಲ ಅಂತ ಕೆಳಗಿಳದ್ರ ಅವನ ರಜಾ ರದ್ದಾಗ್ತಿತ್ತು."

ಡಾಕ್ಟರಮ್ಮ ಬಹಳ ಹೊತ್ತು ಬರೆದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ. ಹಿಂತಿರುಗುವಾಗ ದಾರಿಯುದ್ದಕ್ಕೂ ನಾನು ಆ ಡಾಕ್ಟರಮ್ಮನನ್ನು ಬೈದುಕೊಂಡೇ ಬಂದೆ. ನನ್ನ ಬೈಗುಳ ದಂಡವಾಯಿತು. ಅವರೇ ಬಚನಸಿಂಗನನ್ನು ಪಂಜಾಬಿನಲ್ಲಿ ಹುಡುಕಿಸಿದರು, ಅವನು ಸಾಕ್ಷಿ ಹೇಳಿದ, ಮರುವರ್ಷ ಪಿಂಚಣಿ ಮಂಜೂರಾಯಿತು. ದಸ್ತಗೀರನ ಅಂಗಡಿಯಲ್ಲಿ ಮಾತ್ರ ಮಾತು ನಿಲ್ಲಲಿಲ್ಲ. "ನೋಡ್ರಿ, ನಾಟಕ ಮಾಡಿ ಮಾಡಿ ಕಡೀಕ ಗೆದ್ದ" ಎಂದರು. ಮನುಷ್ಯರ ಅನುಮಾನಕ್ಕೆ ಯಾವ ಬೋರ್ಡೂ ಸಾಲದು.

ಈಗ ನನಗೆ ವಯಸ್ಸಾಗಿದೆ. ನಡು ಸೀಳು ಬಿಟ್ಟಿದೆ, ತಂತಿ ಸುತ್ತಿದ್ದಾರೆ. ಹವಾಲ್ದಾರರ ಹೊರ ತಿರುಗಾಟ ಕಡಿಮೆಯಾಗಿದೆ, ನನ್ನ ಜಾಗ ಬಚ್ಚಲಿನ ಮೂಲೆ. ಅಲ್ಲಿಂದ ದಿನವೂ ಒಂದನ್ನೇ ನೋಡುತ್ತೇನೆ. ಗುರುಬಸವ್ವ ಬಿಸಿನೀರು ಬೋಗುಣಿಗೆ ಸುರಿಯುತ್ತಾಳೆ. ಅವರು ಕಾಲು ಇಡಲು ಹೋಗುತ್ತಾರೆ.

"ತಡೀರಿ. ಭಾಳ ಸುಡತೈತೇನು?"

ಮೊದಲೆಲ್ಲ ಅವರು "ಇಲ್ಲ" ಎಂದುಬಿಡುತ್ತಿದ್ದರು, ಚರ್ಮ ಬೊಬ್ಬೆ ಏಳುತ್ತಿತ್ತು. ಈಗ ಹಾಗೆನ್ನುವುದಿಲ್ಲ. ಕಾಲನ್ನು ಮೇಲೆಯೇ ಹಿಡಿದುಕೊಂಡು, "ನನಗ ಗೊತ್ತಾಗಂಗಿಲ್ಲ. ನೀನ ನೋಡ" ಎನ್ನುತ್ತಾರೆ.

ಅವಳು ಬೋಗುಣಿಯಲ್ಲಿ ತನ್ನ ಕೈ ಅದ್ದಿ ನೋಡುತ್ತಾಳೆ.